ಎಲೆ ಅಡಿಕೆ ಹರಡಿದ ಶ್ರಾವಣ

ಹೋದ ವಾರ ಹೊನ್ನವಳ್ಳಿಗೆ ಹೋಗಿದ್ದೆ. ನನ್ನ ನಾದಿನಿ ಗಂಗಮ್ಮನ ಮನೆಯಲ್ಲಿ ಅಟ್ಟದಿಂದ ಕೊಬ್ಬರಿ ಇಳಿಸುತ್ತಿದ್ದರು. ವರ್ಷದ ಹತ್ತಿರ ಕತ್ತಲೆಯಲ್ಲಿ ಮಲಗಿ, ತನ್ನ ನೀರನ್ನು ತಾನೇ ಕುಡಿದು ಒಣಗಿದ ಕಾಯಿ ಅದು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಕೊಬ್ಬರಿ ಗುಡುಗುಡು ಅನ್ನುತ್ತದೆ. ಅಟ್ಟದ ಹಲಗೆ ಸರಿಸಿದ ಕೂಡಲೇ ಆ ವಾಸನೆ ಇಳಿದು ಬಂತು. ಎಣ್ಣೆ, ಧೂಳು, ಹೊಗೆ, ಒಂದಿಷ್ಟು ಸಿಹಿ, ಇಷ್ಟೆಲ್ಲ ಹೇಳಿದರೂ ಅದನ್ನು ಹೇಳಿದ ಹಾಗಾಗುವುದಿಲ್ಲ. ಕಂಬಕ್ಕೆ ಒರಗಿ ನಿಂತಿದ್ದವಳು ಕಣ್ಣು ಮುಚ್ಚಿಕೊಂಡೆ. ಅಷ್ಟೇ, ನಾನು ಐದಾರು ವರ್ಷ ಹಿಂದಕ್ಕೆ ಹೋಗಿ, ಹಂದನಕೆರೆ ಕಡೆಯ ನಮ್ಮ ಮನೆಯ ಅಟ್ಟದ ಕೆಳಗೆ, ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಮಲಗಿದ್ದೆ.

ಆ ವರ್ಷ ಆಷಾಢದ ಗಾಳಿ ನಿಲ್ಲಲೇ ಇಲ್ಲ. ನಮ್ಮ ಕಡೆ ಮಳೆಯೇನೋ ಹೆಸರಿಗೆ ನಾಲ್ಕು ಹನಿ ಉದುರಿಸಿ ಹೋಗಿಬಿಡುತ್ತದೆ. ಗಾಳಿ ಮಾತ್ರ ಬಂದರೆ ಏಳದ ನೆಂಟ. ಹಗಲಿಡೀ ತೆಂಗಿನ ಗರಿಗಳು ಒಂದಕ್ಕೊಂದು ಉಜ್ಜಿಕೊಂಡು ಹೊಳೆ ಹರಿದ ಹಾಗೆ ಸದ್ದು ಮಾಡುತ್ತಿದ್ದವು. ಹೊಳೆಯೇ ಇಲ್ಲದ ಊರಿನಲ್ಲಿ ಹೊಳೆಯ ದಡದಲ್ಲಿ ಮಲಗಿದವಳ ಹಾಗೆ ನಾನು ಮಲಗಿರುತ್ತಿದ್ದೆ. ನೋವಿನ ಮಾತ್ರೆ ನುಂಗಿದರೆ ಅರ್ಧ ನಿದ್ದೆ, ಅರ್ಧ ಎಚ್ಚರ. ಅಟ್ಟದ ಮೇಲೆ ಇಲಿ ಓಡಿ ಒಂದು ಕಾಯಿ ಉರುಳಿದರೆ, ಆ ಉರುಳಿದ್ದು ಮೇಲೋ ನನ್ನ ಹೊಟ್ಟೆಯೊಳಗೋ ತಿಳಿಯುತ್ತಿರಲಿಲ್ಲ.

ನನ್ನ ಪಿತ್ತಕೋಶದ ತುಂಬ ಕಲ್ಲು. ತಿಪಟೂರಿನ ಸರ್ಜನ್ನರು ಸ್ಕ್ಯಾನ್ ನೋಡಿ, "ತೆಗೆದುಬಿಡೋಣಮ್ಮ, ಮೂರನೇ ದಿನಕ್ಕೆ ಮನೇಲಿರ್ತೀರಿ" ಎಂದಿದ್ದರು. ತುರುವೇಕೆರೆಯ ನಮ್ಮ ತವರಿನವರಾಗಿದ್ದರೆ ಅಂದೇ ಸೇರಿಸಿಬಿಡುತ್ತಿದ್ದರು. ಆದರೆ ನಾನು ಸೊಸೆಯಾಗಿ ಬಂದ ಮನೆಯಲ್ಲಿ ಒಂದು ಕಟ್ಟು ಇತ್ತು: ಈ ಮನೆಯವರು ಯಾರೂ ಮತ್ತಿನ ಮದ್ದು ತೆಗೆದುಕೊಳ್ಳಕೂಡದು.

ಕಟ್ಟಿಗೆ ಕಾರಣವೂ ಇತ್ತು. ನಮ್ಮ ಮಾವನ ಅಣ್ಣ ಎಳೆಯ ಪ್ರಾಯದಲ್ಲಿ ಅಪೆಂಡಿಕ್ಸ್ ಆಪರೇಷನ್ನಿಗೆ ಹೋದವರು, ಕೊಟ್ಟ ಮತ್ತು ಇಳಿಯದೆ ಹಾಗೇ ಹೋಗಿಬಿಟ್ಟರಂತೆ. ಆಮೇಲೆ ಮಾವನವರಿಗೇ ಹರ್ನಿಯಾ ಆಯಿತು. ಬೆಳಿಗ್ಗೆ ಮತ್ತಿನ ಮದ್ದು ಕೊಟ್ಟರೆ ಸಂಜೆಯವರೆಗೂ ಎಚ್ಚರವಿಲ್ಲ, ಉಸಿರಿಲ್ಲ. ಯಾರೋ ಪುಣ್ಯಾತ್ಮ ಡಾಕ್ಟರು ಬಾಯಿಗೆ ರಬ್ಬರಿನ ಬುಡ್ಡೆ ಕಟ್ಟಿ ಹೊತ್ತು ಮುಳುಗುವವರೆಗೂ ಕೈಯಲ್ಲಿ ಹಿಸುಕುತ್ತ ಕೂತು ಉಳಿಸಿಕೊಂಡರಂತೆ. ಅಂದಿನಿಂದ ಮನೆಯಲ್ಲಿ ಒಂದೇ ಮಾತು. ನಮ್ಮ ಮನೆದೇವರು ವೀರಭದ್ರ, ಕಣ್ಣು ಮುಚ್ಚದ ದೇವರು. ಅವನ ಮನೆಯವರು ಮೈಮರೆತು ಮಲಗುವುದು ಅವನಿಗೆ ಆಗದು. ನಮ್ಮ ಯಜಮಾನರು ದವಡೆ ಹಲ್ಲು ಕೀಳಿಸುವಾಗ ಸೂಜಿ ಬೇಡವೇ ಬೇಡ ಎಂದು ಹಟ ಹಿಡಿದು, ಕೂಗಿದ ಕೂಗಿಗೆ ಹೊರಗೆ ಕೂತಿದ್ದ ಬೇರೆ ರೋಗಿಗಳೆಲ್ಲ ಎದ್ದು ಹೋದರು.

ಕಟ್ಟು ಮನೆಯದು. ಆದ್ದರಿಂದ ಮನೆಗೆ ಬಂದ ಸೊಸೆಯರಿಗೂ ಅದು ಬಂತು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮೇಲಿಂದ ಹೋಯಿತು. ಅವರಿಗೆ ಬೇರೆ ಮನೆ, ಬೇರೆ ಮನೆದೇವರು. ನಮಗೆ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಗಂಗಮ್ಮನಂತೂ ಫೋನು ಮಾಡಿ ರೇಗಿಸುತ್ತಿದ್ದಳು.

"ನಂಗೂ ಕುತ್ತಿಗೇಲಿ ಗಂಟು ಆಗೈತೆ ಕಣತ್ತಿಗೆ. ಥೈರಾಯ್ಡಂತೆ. ಗಣಪತಿ ಹಬ್ಬ ಮುಗೀಲಿ, ತೆಗೆಸ್ಕಂಬುಡ್ತೀನಿ. ನಾನೇನು ಆ ಮನೆಯೋಳಾ? ಬಂದು ಸಿಕ್ಕಾಕ್ಕೊಂಡೋಳು ನೀನು."

"ನಗು ನಗು. ನಿಮ್ಮಪ್ಪನ್ನ ಒಪ್ಪಿಸಿಕೊಡು ನೋಡೋಣ."

"ಅಯ್ಯೋ, ನಮ್ಮಪ್ಪನ್ನ ಒಪ್ಸೋ ಬದಲು ಹೊಟ್ಟೇಲಿರೋ ಕಲ್ಲನ್ನೇ ಕರಗ್ಸಬೋದು ಬುಡು!"

ಶ್ರಾವಣದ ಮೊದಲ ಸೋಮವಾರ ನೋವು ಎಷ್ಟಾಯಿತೆಂದರೆ ಅತ್ತೆಯೇ ಗಂಡನ ಎದುರು ನಿಂತರು. "ಸೊಸೆ ಹಿಂಗೇ ಒದ್ದಾಡಿ ಸಾಯ್ಲಿ ಅಂತೀಯಾ? ಕೇಳ್ಕಂಡಾದ್ರೂ ಬರನ ನಡಿ." ಅತ್ತೆ ಹೀಗೆ ಮಾವನನ್ನು ಏಕವಚನದಲ್ಲಿ ಕರೆಯುವುದು ನೋಡಿ ಹೊಸಬರು ಬೆಚ್ಚುತ್ತಾರೆ. ಅವರು ಮಾವನ ಅಕ್ಕನ ಮಗಳು. ಮಾವನ ಹೆಗಲ ಮೇಲೆ ಆಡಿ ಬೆಳೆದು ಅವರನ್ನೇ ಮದುವೆಯಾದವರು. ಗಂಡನಾದದ್ದು ಆಮೇಲೆ, ಸೋದರಮಾವನಾಗಿದ್ದು ಮೊದಲು. ಹಾಗಾಗಿ ಹಳೆಯ ಸಲಿಗೆಯೇ ಉಳಿದಿತ್ತು.

ತಿಪಟೂರಿನ ಆಸ್ಪತ್ರೆಯಲ್ಲಿ ಸರ್ಜನ್ನರು ನಮ್ಮ ಕಥೆ ಕೇಳಿ ಮುಗುಳ್ನಕ್ಕರು. ಆದರೆ ಪಕ್ಕದಲ್ಲಿ ಮತ್ತಿನ ಮದ್ದು ಕೊಡುವ ಡಾಕ್ಟರಮ್ಮ ಇದ್ದರು, ಅವರು ನಗಲಿಲ್ಲ. ಕುರ್ಚಿಯನ್ನು ಮಾವನ ಹತ್ತಿರಕ್ಕೆ ಎಳೆದುಕೊಂಡು, "ಸಂಜೆ ಎದ್ದಿರಲ್ಲ, ಎದ್ದಮೇಲೆ ಏನಾದರೂ ತೊಂದರೆ ಇತ್ತಾ?" ಎಂದು ಕೇಳಿದರು.

"ಏನೂ ಇಲ್ಲ ತಾಯಿ. ಮಾರನೇ ದಿನ ರಾಗಿ ಮುದ್ದೆ ಉಂಡೆ."

"ನಿಮ್ಮಣ್ಣನೋರಿಗೂ ಅದಕ್ಕೆ ಮುಂಚೆ ಯಾವ ಕಾಯಿಲೆನೂ ಇರಲಿಲ್ಲ?"

"ಎತ್ತಿನಂಗಿದ್ದ."

ಡಾಕ್ಟರಮ್ಮನ ಮುಖದಲ್ಲಿ ಏನೋ ಬೆಳಗಿತು. ನಿಮ್ಮ ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು ಹೇಳಿ ಎಂದರು. ಆ ಪ್ರಶ್ನೆಗೆ ಅತ್ತೆ ಬಾಯಲ್ಲಿ ಉತ್ತರ ಹೇಳುವವರಲ್ಲ. ಸೊಂಟದ ಸಂಚಿ ಬಿಚ್ಚಿ ಡಾಕ್ಟರ ಮೇಜಿನ ಮೇಲೆಯೇ ಎಲೆ ಅಡಿಕೆ ಹರಡಿದರು. ಅಡಿಕೆ ಅಂದರೆ ಗಂಡು, ವೀಳ್ಯದೆಲೆ ಅಂದರೆ ಹೆಣ್ಣು. ಮೇಲೆ ಮಾವನ ಅಪ್ಪ, ಅವರ ಕೆಳಗೆ ಮಕ್ಕಳು, ಅಣ್ಣ ಅಡಿಕೆ, ಮಾವ ಅಡಿಕೆ, ಮಾವನ ಅಕ್ಕ ಒಂದು ಎಲೆ. ಆ ಎಲೆಯ ಕೆಳಗೆ ಇನ್ನೊಂದು ಎಳೆಯ ಎಲೆ ಇಟ್ಟು, "ಇದು ನಾನು" ಎಂದು ಅದನ್ನು ಎತ್ತಿ ಮಾವ ಅಡಿಕೆಯ ಪಕ್ಕಕ್ಕೆ ಕೂರಿಸಿದರು. ಆ ಇಬ್ಬರ ಕೆಳಗೆ ನಮ್ಮ ಯಜಮಾನರು. ಅವರ ಪಕ್ಕ ನನ್ನದೊಂದು ಎಲೆ. ಡಾಕ್ಟರಮ್ಮ ಮೊಬೈಲಿನಲ್ಲಿ ಫೋಟೊ ತೆಗೆಯುತ್ತ ಗಲ್ಲಕ್ಕೆ ಕೈಕೊಟ್ಟು ನೋಡುತ್ತಿದ್ದರು. ಕಿಟಕಿಯಿಂದ ಗಾಳಿ ಬಂದು ಎಲೆಗಳು ಮೆಲ್ಲಗೆ ಅಲುಗುತ್ತಿದ್ದವು. ಸತ್ತವರೂ ಇದ್ದವರೂ ಒಂದೇ ಮೇಜಿನ ಮೇಲೆ ಉಸಿರಾಡುತ್ತಿದ್ದಾರೆ ಎಂದು ನನಗೆ ಅನ್ನಿಸಿತ್ತು. ಮಾತ್ರೆಯ ಮಂಪರೂ ಇತ್ತೇನೋ.

ಎಲ್ಲ ಇಟ್ಟಾದ ಮೇಲೆ ಅತ್ತೆಯ ಕೈಯಲ್ಲಿ ಒಂದು ಎಲೆ ಉಳಿಯಿತು. ಅದರ ಬೆನ್ನಿಗೆ ಸುಣ್ಣ ಸವರಿ, ಮಡಿಸಿ, ಬಾಯಿಗೆ ಹಾಕಿಕೊಂಡರು.

"ಅದು ಯಾರು?" ಎಂದರು ಡಾಕ್ಟರಮ್ಮ.

"ಮಗಳು ಕಣವ್ವ. ಗಂಗ. ಹೊನ್ನವಳ್ಳಿಗೆ ಕೊಟ್ಟಿವಿ. ಅವ್ಳು ಈಗ ನಮ್ಮನೆ ಲೆಕ್ಕದಾಗೆ ಬರಾಕಿಲ್ಲ."

"ಅಮ್ಮಾ," ಡಾಕ್ಟರಮ್ಮ ಅರ್ಧ ಎದ್ದರು, "ಈ ಮೇಜಿನ ಮೇಲೆ ನನಗೆ ಎಲ್ಲರಿಗಿಂತ ಮುಖ್ಯವಾಗಿ ಬೇಕಾದ ಎಲೆಯನ್ನೇ ಅಗಿದುಬಿಟ್ಟಿರಲ್ಲ!"

ಅತ್ತೆ ಅಗಿಯುವುದನ್ನು ನಿಲ್ಲಿಸಿದರು. ನುಂಗಲೂ ಆಗದೆ ಉಗಿಯಲೂ ಆಗದೆ ಅವರು ಕೂತಿದ್ದ ರೀತಿ ನೆನೆಸಿಕೊಂಡರೆ ಈಗ ನಗು ಬರುತ್ತದೆ. ಆವತ್ತು ಬರಲಿಲ್ಲ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಆಪರೇಷನ್ನಿನಲ್ಲಿ ಗಂಟಲಿಗೆ ಕೊಳವೆ ಇಳಿಸುವುದಕ್ಕೆ ಒಂದು ಮದ್ದು ಕೊಡುತ್ತಾರೆ. ಅದು ಮೈಯ ಎಲ್ಲ ಮಾಂಸಖಂಡವನ್ನೂ ಸಡಿಲ ಮಾಡುತ್ತದೆ, ಉಸಿರಾಡಿಸುವುದನ್ನೂ. ಕೆಲವೇ ನಿಮಿಷದಲ್ಲಿ ರಕ್ತದಲ್ಲಿರುವ ಒಂದು ಅಂಶ ಬಂದು ಆ ಮದ್ದನ್ನು ಒಡೆದು ಹಾಕುತ್ತದೆ, ಉಸಿರು ಮರಳುತ್ತದೆ. ಸಾವಿರಾರು ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಆ ಅಂಶ ಹುಟ್ಟಿನಿಂದಲೇ ಇರುವುದಿಲ್ಲ.

"ಅಂದ್ರೆ ಕಾಯಿ ತಂದು ರಾಶಿ ಹಾಕೈತೆ, ಸುಲಿಯೋನು ಬಂದಿಲ್ಲ," ಎಂದರು ಅತ್ತೆ, ಎಲೆ ದವಡೆಗೆ ಒತ್ತಿಕೊಂಡು.

"ಅಷ್ಟೇ ಅಮ್ಮ. ಸುಲಿಯೋನು ಬರಬೇಕು ಅಂತ ಮೈಗೆ ಹೇಳೋದು ಜೀನು, ವಂಶವಾಹಿ. ಅದು ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತೆ. ಎರಡೂ ಕೆಟ್ಟಿದ್ದರೆ ಮಾತ್ರ ತೊಂದರೆ. ಒಂದೇ ರಕ್ತದೊಳಗೆ ಮದುವೆ ಆದಾಗ ಎರಡೂ ಕಡೆಯಿಂದ ಕೆಟ್ಟಿದ್ದೇ ಬರೋದು ಜಾಸ್ತಿ. ಅದು ಮನೆದೇವರನ್ನ ನೋಡಿ ಬರಲ್ಲ. ಮದುವೆ ಆಗಿ ಬಂದ ನಿಮ್ಮ ಸೊಸೆಗೆ ಅದು ಬರೋ ಹಾಗಿಲ್ಲ. ಮದುವೆ ಆಗಿ ಹೋದ ಮಗಳನ್ನ ಬಿಟ್ಟು ಹೋಗೋ ಹಾಗೂ ಇಲ್ಲ."

ಮಾವ ಕೊರಳ ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಂಡರು. "ಮಗಳಿಗೆ ಗಣಪತಿ ಹಬ್ಬ ಆದ್ಮೇಲೆ ಆಪರೇಷನ್ ಐತೆ ತಾಯಿ," ಎಂದರು. ಆ ಕೋಣೆಯಲ್ಲಿ ನನ್ನ ಹೊಟ್ಟೆಯ ಕಲ್ಲನ್ನು ಆಮೇಲೆ ಯಾರೂ ನೆನೆಯಲಿಲ್ಲ, ನಾನೂ.

ಮಾವ, ನಾನು, ಜೊತೆಗೆ ಬಂದಿದ್ದ ಯಜಮಾನರು, ನಮ್ಮ ಮೂವರ ರಕ್ತ ತೆಗೆದುಕೊಂಡರು. ಆ ಅಂಶ ಎಷ್ಟಿದೆ ಎಂಬ ಲೆಕ್ಕ ಬೇಗ ಬಂತು: ಮಾವನ ರಕ್ತದಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು, ಯಜಮಾನರದು ಅರೆಬರೆ ಆದರೂ ಅಪಾಯವಿಲ್ಲ, ನನ್ನದು ಎಲ್ಲರ ಹಾಗೆ. ಜೀನನ್ನೇ ಓದಿಸುವುದಕ್ಕೆ ಬೆಂಗಳೂರಿನ ಲ್ಯಾಬಿಗೆ ಕಳಿಸಿದ್ದರು. ಅದು ಬಂದಾಗಲೂ ಅದೇ ಮಾತು ಹೇಳಿತು. ಮೊದಲಾಗಿದ್ದರೆ ಒಬ್ಬರು ಏಳದೆ ಹೋದ ಮೇಲೆ ಊಹಿಸಬೇಕಿತ್ತು, ಈಗ ಮಲಗಿಸುವ ಮುಂಚೆಯೇ ತಿಳಿಯಬಹುದು ಎಂದರು ಡಾಕ್ಟರಮ್ಮ. ಆ ಶ್ರಾವಣದ ಮಧ್ಯಾಹ್ನಗಳಲ್ಲಿ ಅಟ್ಟದ ಕೆಳಗೆ ಮಲಗಿ ನಾನು ಅದನ್ನೇ ಯೋಚಿಸುತ್ತಿದ್ದೆ. ಆ ಮದ್ದು ಹುಟ್ಟುವ ಮೊದಲು ಈ ವಂಶದಲ್ಲಿ ಎಷ್ಟು ಜನ ಹುಟ್ಟಿ, ರಾಗಿ ಬೆಳೆದು, ಸೋದರಿಕೆಯಲ್ಲೇ ಹೆಣ್ಣು ತಂದು, ತೆಂಗು ನೆಟ್ಟು, ಹಣ್ಣಾಗಿ ಉದುರಿ ಹೋದರೋ. ತಮ್ಮ ರಕ್ತದಲ್ಲಿ ಒಬ್ಬ ಆಳು ಕೆಲಸಕ್ಕೆ ಬರುತ್ತಿಲ್ಲ ಎಂದು ಅವರಿಗೆ ಗೊತ್ತಾಗಲೇ ಇಲ್ಲ. ಅವನಿಗೆ ಕೆಲಸವೇ ಇರಲಿಲ್ಲವಲ್ಲ. ಹೊರಗೆ ಗರಿಗಳ ಹೊಳೆ ಹರಿಯುತ್ತಿತ್ತು. ಅವರೆಲ್ಲ ಆ ಹೊಳೆಯ ಆಚೆ ದಡದಲ್ಲಿ ಸಾಲಾಗಿ ನಡೆದು ಹೋಗುತ್ತಿದ್ದ ಹಾಗೆ, ಯಾರ ಮುಖವೂ ಕಾಣದ ಹಾಗೆ.

ಗಂಗಮ್ಮನಿಗೆ ಫೋನು ಮಾಡಿದರೆ ಅವಳು ಮೊದಲು ನಕ್ಕಳು, ಆಮೇಲೆ ಸಿಟ್ಟಾದಳು. ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿದ್ದಾಗಿದೆ, ಬೆಳೆದ ಮಗಳಿದ್ದಾಳೆ, ತವರಿನ ರಕ್ತದಲ್ಲಿ ಐಬಿದೆ ಎಂದು ಊರೆಲ್ಲ ಆಡಿಕೊಂಡರೆ ಯಾರು ಬಂದು ಹೆಣ್ಣು ಕೇಳುತ್ತಾರೆ? "ನನ್ನ ಮಡಿಲು ತುಂಬಿ ಕಳಿಸಿದ ದಿನವೇ ನಿಮ್ಮ ಕಟ್ಟು ನನಗೆ ತೀರೋಯ್ತು. ಇಷ್ಟು ವರ್ಷ ಹೊರಗಿನೋಳು ಅಂದು, ಈಗ ಕಾಯಿಲೆ ಹಂಚೋವಾಗ ಮನೆ ಮಗಳಾ?" ಎಂದು ಫೋನು ಇಟ್ಟಳು.

ಗೌರಿ ಹಬ್ಬ ಬಂತು. ತವರಿನಿಂದ ಬಾಗಿನ ಕಳಿಸುವುದು ಪ್ರತಿ ವರ್ಷ ನಮ್ಮ ಯಜಮಾನರ ಕೆಲಸ. ಬೈಕಿನ ಹಿಂದೆ ಮೊರಗಳನ್ನು ಕಟ್ಟಿಕೊಂಡು ಕೊಟ್ಟ ಹೆಣ್ಣುಮಕ್ಕಳ ಊರೆಲ್ಲ ಸುತ್ತಿ ಬರುತ್ತಾರೆ. ಆ ವರ್ಷ ಅತ್ತೆ ಬೆರಳು ಮಡಿಸುತ್ತ ಕೂತರು. ಮಾವನ ತಂಗಿಯರು, ದಾಯಾದಿಗಳ ಮಕ್ಕಳು, ಮೊಮ್ಮಕ್ಕಳು. ಒಬ್ಬೊಬ್ಬರಿಗೂ ಬಾಗಿನದ ಜೊತೆಗೆ ಒಂದು ಮಾತು ಹೋಗಬೇಕು: ಮತ್ತಿನ ಮದ್ದಿಗೆ ಮುಂಚೆ ರಕ್ತ ತೋರಿಸಿ. "ಎಲ್ಲಿಗೆ ಕೊಟ್ಟಿವಿ, ಹೆಂಗವ್ರೆ ಅಂತ ವರ್ಸವರ್ಸವೂ ನೆನೆಸ್ಕಂಡು ಅರಿಸಿನ ಕುಂಕುಮ ಕಳಿಸ್ತೀವಿ. ಇದೊಂದ್ ಕಳಿಸ್ಲಿಲ್ಲ," ಎಂದರು. ಹೊನ್ನವಳ್ಳಿಯ ಬಾಗಿನವನ್ನು ಮಾತ್ರ ಮಾವ ತಾವೇ ತೆಗೆದುಕೊಂಡರು. ಜೊತೆಗೆ ನಾನು. ಬಸ್ಸಿನಲ್ಲಿ ಉದ್ದಕ್ಕೂ ಮೊರವನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

ಗಂಗಮ್ಮ ಬಾಗಿನ ತೆಗೆದುಕೊಂಡಳು, ಕಾಲಿಗೆ ಬಿದ್ದಳು, ಒಬ್ಬಟ್ಟು ಬಡಿಸಿದಳು. ರಕ್ತದ ಮಾತು ಎತ್ತಿದರೆ ಮಾತ್ರ ಎದ್ದು ಒಳಗೆ ಹೋಗುವಳು. ಕತ್ತಿನ ಗಂಟು ಸೆರಗಿನ ಅಂಚಿನಲ್ಲಿ ಕಾಣುತ್ತಿತ್ತು. ನುಂಗುವಾಗ ಮೇಲೆ ಕೆಳಗೆ ಆಡುತ್ತಿತ್ತು. ಊಟವಾದ ಮೇಲೆ ಅವಳ ಗಂಡ ಶಿವಣ್ಣ ಮಾವನನ್ನು ತೋಟಕ್ಕೆ ಕರೆದ. ನಾವೂ ಹೋದೆವು. ಗಾಳಿ ಆ ಹೊತ್ತಿಗೆ ಬಲ ಕಳೆದುಕೊಂಡಿತ್ತು. ಬಿಸಿಲು ಗರಿಗಳ ಸಂದಿಯಿಂದ ಸೋರಿ ನೆಲದ ಮೇಲೆ ತೇಲಾಡುತ್ತಿತ್ತು. ನಾವು ನಾಲ್ವರೂ ನೀರಿನ ತಳದಲ್ಲಿ ನಡೆಯುತ್ತಿರುವ ಹಾಗಿತ್ತು.

ಬಾವಿಯ ಪಕ್ಕ ಒಂದು ಸಾಲು ಮರ. ಗಂಗಮ್ಮನ ಮದುವೆಯಲ್ಲಿ ನಮ್ಮ ತಾಯಿಮರದ ಕಾಯಿ ಮೊಳೆಯಿಸಿ ಮಾವ ಜೊತೆಗೆ ಕಳಿಸಿದ್ದ ಸಸಿಗಳು. ಶಿವಣ್ಣ ಒಂದು ಮರಕ್ಕೆ ಕೈ ತಟ್ಟಿ, "ಇವು ನೋಡಿ ಮಾವ, ನಿಮ್ಮನೆ ಮರ. ನಮ್ಮವು ಅಟ್ಟದ ಮೇಲೆ ಎಷ್ಟೋ ಕೆಟ್ಟೋಗ್ತವೆ, ಇವು ಕೆಡಲ್ಲ. ಕಾಯಿ ನೋಡಿದೇಟ್ಗೇ ಹೇಳ್ಬೋದು," ಎಂದ.

ಮಾವ ತಲೆ ಎತ್ತಿ ಗೊನೆಗಳನ್ನು ನೋಡಿದರು. "ನಿಮ್ಮೂರ ನೀರು ಕುಡ್ದು ಇಷ್ಟು ವರ್ಸ ಆಯ್ತಲ್ಲ ಶಿವಣ್ಣ. ಇನ್ನೂ ನಮ್ಮನೇವಾ?"

"ಇನ್ನೇನ್ ಮಾವ? ನೀರು ನಮ್ದಾದ್ರೆ ಕಾಯಿ ನಮ್ಮದಾಗ್ಬುಡ್ತದಾ?"

ಅಂದವನೇ ಶಿವಣ್ಣ ಮರದಿಂದ ಕೈ ತೆಗೆದ. ತಾನು ಏನು ಹೇಳಿದೆ ಎಂದು ಅವನಿಗೇ ಆಗ ಹೊಳೆಯಿತು. ಗಂಗಮ್ಮ ಬಾವಿಯ ಕಟ್ಟೆಯ ಮೇಲೆ ಕೂತು ಕಾಲ ಬೆರಳು ನೋಡಿಕೊಳ್ಳುತ್ತಿದ್ದಳು. ಮಾವ ಹೋಗಿ ಅವಳ ಪಕ್ಕ ಕೂತರು. ಆಮೇಲೆ, ಹೆಣ್ಣುಮಕ್ಕಳಿಗೆ ಹೆದರಿಕೆಯಾದೀತು ಎಂದು ಒಮ್ಮೆಯೂ ಹೇಳದಿದ್ದ ಮಾತನ್ನು ಹೇಳಿದರು. ನಾನೂ ಅದನ್ನು ಪೂರ್ತಿ ಕೇಳಿದ್ದು ಆವತ್ತೇ.

"ನಂಗೆ ಎಚ್ಚರ ಇಲ್ಲ ಅಂದ್ಕಂಡಿದ್ರು ಕಣೇ ಗಂಗೂ. ನಂಗೆ ಎಚ್ಚರ ಇತ್ತು. ಮಧ್ಯಾಹ್ನದಿಂದ ಎಲ್ಲಾ ಕೇಳ್ತಿತ್ತು. ಕಣ್ ತೆಗೀಬೇಕು ಅಂತೀನಿ, ರೆಪ್ಪೆ ಬೇರೆ ಯಾರದೋ. ಕೂಗ್ಬೇಕು ಅಂತೀನಿ, ನಾಲಿಗೆ ಬೇರೆ ಯಾರದೋ. ನಮ್ಮವ್ವ ಬಾಗ್ಲಲ್ಲಿ ಅಳ್ತಾವ್ಳೆ, ದೊಡ್ಡೋನೂ ಹೋದ ಚಿಕ್ಕೋನೂ ಹೋದ ಅಂತ. ಇಲ್ಲವ್ವ, ಇಲ್ಲೇ ಅವ್ನಿ ಅಂತ ಹೇಳ್ಬೇಕು. ಹೇಳಾಕೆ ನಾನೇ ಇಲ್ಲ. ಆ ಡಾಕ್ಟ್ರು ಒಂದ್ ಸಲ ಕೈ ಬಿಟ್ಟಿದ್ರೆ ಅಷ್ಟೇ. ನಮ್ಮಣ್ಣನೂ ಹಂಗೇ ಎಲ್ಲಾ ಕೇಳಿಸ್ಕಂಡು ಹೋದ್ನೇನೋ. ನಿಂಗೆ ಅದು ಬ್ಯಾಡ ಮಗಳೇ. ನಿನ್ನ ಹೊರಗಿನೋಳು ಅಂದ್ವಿ, ತಪ್ಪೇ. ಆದ್ರೆ ಅದು ಬ್ಯಾಡ."

ಗಂಗಮ್ಮ ಸೆರಗನ್ನು ಕತ್ತಿನ ಗಂಟಿನ ಮೇಲೆ ಎಳೆದುಕೊಂಡಳು. "ಊರಲ್ಲಿ ಆಡ್ಕತಾರೆ ಕಣಪ್ಪ," ಎಂದಳು, ಸಣ್ಣ ದನಿಯಲ್ಲಿ.

ಶಿವಣ್ಣ ಮರದ ಹತ್ತಿರದಿಂದಲೇ ಕೂಗಿದ: "ಆಡ್ಕಳ್ಳಿ ಬುಡೇ. ಆಡ್ಕಳಾಕೆ ನೀನಿರ್ಬೇಕಲ್ಲ."

ಹಬ್ಬ ಮುಗಿದ ಮಾರನೇ ದಿನ ತಿಪಟೂರಿನಲ್ಲಿ ರಕ್ತ ಕೊಟ್ಟಳು. ಅಪ್ಪನದು ಹೇಗೋ ಮಗಳದೂ ಹಾಗೆಯೇ. ಡಾಕ್ಟರಮ್ಮ ಮೊದಲು ಗೊತ್ತಾಗಿದ್ದ ಆಪರೇಷನ್ನಿನ ದಿನವನ್ನು ರದ್ದು ಮಾಡಿಸಿ, ಹಾಸನದ ದೊಡ್ಡ ಆಸ್ಪತ್ರೆಯವರ ಜೊತೆ ತಾವೇ ಮಾತಾಡಿದರು. ಇಂಥ ಮದ್ದು ಕೂಡದು, ಇದರ ಬದಲು ಇಂಥದ್ದು, ಉಸಿರಿನ ಯಂತ್ರ ಪಕ್ಕದಲ್ಲೇ ಸಿದ್ಧವಿರಲಿ. ಅಷ್ಟೇ ಬೇಕಾದದ್ದು. ಇಷ್ಟು ವರ್ಷ ಒಂದು ಮನೆಯನ್ನೇ ಕಟ್ಟಿಹಾಕಿದ್ದ ಹೆದರಿಕೆಗೆ ಬೇಕಾಗಿದ್ದದ್ದು ಅಷ್ಟೇ. ನನ್ನ ಕಲ್ಲೂ ಆಮೇಲೆ ತಿಪಟೂರಿನಲ್ಲೇ ಸಲೀಸಾಗಿ ಹೊರಗೆ ಬಂದವು. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ.

ಹಾಸನದಲ್ಲಿ ಗಂಗಮ್ಮನನ್ನು ಒಳಗೆ ಕರೆದುಕೊಂಡು ಹೋದದ್ದು ಬೆಳಿಗ್ಗೆ. ಬಾಗಿಲು ಮುಚ್ಚುವವರೆಗೂ ಬಾಯಿ ಮುಚ್ಚಲಿಲ್ಲ ಅವಳು. ಮಗಳಿಗೆ ಹಾಲು ಉಕ್ಕದ ಹಾಗೆ ನೋಡಿಕೊಳ್ಳಬೇಕೆಂದು ಹೇಳಬೇಕಂತೆ, ನಾಯಿಗೆ ಅನ್ನ ಹಾಕಬೇಕಂತೆ. ಬಾಗಿಲು ಮುಚ್ಚಿದ ಮೇಲೆ ಶಿವಣ್ಣ ಕಾರಿಡಾರಿನ ಉದ್ದಕ್ಕೂ ನಡೆದಾಡಿದ. ಮಾವ ಗೋಡೆಗೆ ಒರಗಿ ಕೂತು ತಮ್ಮ ಉಸಿರನ್ನು ತಾವೇ ಎಣಿಸುವವರ ಹಾಗೆ ಕಣ್ಣು ಮುಚ್ಚಿದ್ದರು. ಅವರಣ್ಣ ಹೋದ ಮೇಲೆ, ತಾವು ಎದ್ದು ಬಂದ ಮೇಲೆ, ಅವರು ಆಪರೇಷನ್ ಕೋಣೆಯ ಬಾಗಿಲ ಹತ್ತಿರ ಬಂದಿದ್ದು ಇದೇ ಮೊದಲು. ನಾನು ನೀರು ಕೊಟ್ಟರೆ ಲೋಟ ಹಿಡಿದುಕೊಂಡರೇ ಹೊರತು ಕುಡಿಯಲಿಲ್ಲ.

ಬಾಗಿಲು ತೆರೆದು ಒಬ್ಬರು ನರ್ಸು ಬಂದು, "ಗಂಗಮ್ಮನ ಕಡೆಯವರು? ಮುಗಿದಿದೆ. ಒಬ್ಬರು ಮಾತ್ರ ಬನ್ನಿ," ಎಂದರು. ಶಿವಣ್ಣ ಎರಡು ಹೆಜ್ಜೆ ಇಟ್ಟವನು ನಿಂತು, ಮಾವನ ಕಡೆ ತಿರುಗಿ, "ನೀವೇ ಹೋಗಿ ಮಾವ," ಎಂದ.

ಬಾಗಿಲು ಅರ್ಧ ತೆರೆದೇ ಇತ್ತು. ನನಗೆ ಒಳಗಿನದು ಕಾಣುತ್ತಿತ್ತು. ಹಸಿರು ಬಟ್ಟೆ, ಕತ್ತಿಗೆ ಬಿಳಿಯ ಪಟ್ಟಿ, ಮುಚ್ಚಿದ ಕಣ್ಣು. ಮಾವ ಮಂಚದ ಪಕ್ಕ ನಿಂತು, ಮುಟ್ಟಲೋ ಬೇಡವೋ ಎಂದು ಕೈ ಗಾಳಿಯಲ್ಲೇ ಹಿಡಿದುಕೊಂಡು, ಕರೆದರು.

"ಗಂಗೂ."

ಏನೂ ಇಲ್ಲ. ಯಂತ್ರ ಮಾತ್ರ ತನ್ನಷ್ಟಕ್ಕೆ ಸದ್ದು ಮಾಡುತ್ತಿತ್ತು. ಅವರು ಅವಳ ಕಿವಿಯ ಹತ್ತಿರ ಬಗ್ಗಿದರು.

"ಗಂಗೂ. ಮಗಾ."

"ಊಂ," ಎಂದಳು ಗಂಗಮ್ಮ.

"ಗಂಗೂ?"

"ಊಂ ಅಂದ್ನಲ್ಲಪ್ಪ," ದನಿ ಒರಟಾಗಿತ್ತು, ಹರಿದ ಬಟ್ಟೆಯ ಹಾಗೆ. "ಎಷ್ಟ್ ಸಲ ಕರೀತೀಯಾ."

ಮಾವ ಇನ್ನೊಂದು ಸಲ ಕರೆದರು.